ಕುರುಗೋಡಿನ ಕಹಿ ಬಾಟಲಿ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಬಳ್ಳಾರಿಯ ಬಂಡೆಗಳು ಆಗಿನ್ನೂ ಎಳೆಯವು, ಒಂದರ ಬೆನ್ನ ಮೇಲೊಂದು ಹತ್ತಿ ಆಡುತ್ತಿದ್ದವು. ಅಂಥ ಕಾಲದಲ್ಲಿ ಒಬ್ಬ ಬಾದಶಹನಿದ್ದ. ಅವನ ರಕ್ತ ಸಿಹಿಯಾಗಿಬಿಟ್ಟಿತ್ತು. ಎಷ್ಟು ಸಿಹಿಯೆಂದರೆ, ದಿನಾ ಬೆಳಿಗ್ಗೆ ಅವನ ಮಂಚದ ಕಾಲಿಗೆ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು. ಹಕೀಮರು ಬಂದರು, ಪಂಡಿತರು ಬಂದರು, ಎಲೆ ಅರೆದರು, ಬೇರು ತೇಯ್ದರು. ಇರುವೆ ಮಾತ್ರ ನಿಲ್ಲಲಿಲ್ಲ. ಬಾದಶಹನಿಗೆ ಒಬ್ಬಳೇ ಮಗಳು. ಬಲು ಅನುಮಾನದ ಹುಡುಗಿ. ಯಾರೋ ಬೇಕೆಂದೇ ಅಪ್ಪನ ಮಂಚದ ಸುತ್ತ ಸಕ್ಕರೆ ಉದುರಿಸುತ್ತಿದ್ದಾರೆ ಎಂದುಕೊಂಡು ಬಾಗಿಲು ಬಾಗಿಲಿಗೂ ಕಾವಲು ಹಾಕಿದಳು. ಅಡುಗೆಯವನನ್ನು ಬದಲಿಸಿದಳು. ಗಿಳಿಯನ್ನು ಹಾರಿಬಿಟ್ಟಳು. ಸಂಜೆ ಸಂಜೆ ತಾನೇ ಅರಮನೆಯ ಅಡುಗೆಮನೆ ಹೊಕ್ಕು ಒಂದೊಂದು ಹಂಡೆಯ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಮರುದಿನ ಎದ್ದರೆ ಇರುವೆ ಸಾಲು ಹಾಗೇ ಇದೆ.

ಇಲ್ಲಿಗೆ ನನ್ನ ಅಜ್ಜಿ ಜಹೀದಾ ಕತೆ ನಿಲ್ಲಿಸಿ, ಸ್ಟೀಲ್ ಲೋಟಕ್ಕೆ ಕಪ್ಪು ಕಷಾಯ ಬಗ್ಗಿಸಿಕೊಂಡು ಮೂಗು ಹಿಡಿದು ಕುಡಿದಳು. ನನಗೆ ಇಪ್ಪತ್ನಾಲ್ಕು ವರ್ಷ. ಆದರೂ ಅಜ್ಜಿಯ ಕತೆ ಅರ್ಧಕ್ಕೆ ನಿಂತರೆ ಅನ್ನ ಇಳಿಯುವುದಿಲ್ಲ. ಮುಂದೇನಾಯಿತು ಎಂದು ಕೇಳಿದೆ.

"ಮುಂದಿಂದು ನಿನಗ್ಯಾಕ್ಲೇ ಸುಮೈರಾ? ನೀನೂ ಆಕಿ ಹಂಗ ಅದಿ. ಮೊದ್ಲು ಈ ಬಾಟ್ಲಿ ನಿಜ ಏನಂತ ತಂದು ಹೇಳು. ಆಮ್ಯಾಲ ಕತಿ ಮುಗಸ್ತೀನಿ."

ಬಾಟಲಿಯ ವಿಷಯ ಹೀಗೆ. ಅಜ್ಜಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ನಾನು ಬಳ್ಳಾರಿಯ ಗಾಂಧಿನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಈ ವರ್ಷ ರಂಜಾನ್ ತಿಂಗಳಲ್ಲಿ ಒಂದು ಶುಕ್ರವಾರ ಅವಳನ್ನು ಲ್ಯಾಬಿಗೆ ಕರೆದೊಯ್ದು ನನ್ನ ಕೈಯಾರೆ ರಕ್ತ ತೆಗೆದಿದ್ದೆ. ಕೊಬ್ಬಿನ ಪರೀಕ್ಷೆಗೆ ಹನ್ನೆರಡು ತಾಸು ಬರಿಹೊಟ್ಟೆ ಬೇಕು. ಅಜ್ಜಿ ಯಾರು ಬೇಡವೆಂದರೂ ಕೇಳದೆ ರೋಜಾ ಉಪವಾಸ ಹಿಡಿದವಳು, ನೀರೂ ಮುಟ್ಟುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ದಿನ ಯಾವುದು ಎಂದುಕೊಂಡೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ನಾನೂರ ಹನ್ನೆರಡು ಬಂತು. ನೂರೈವತ್ತರ ಒಳಗಿರಬೇಕಾದದ್ದು.

ಡಾಕ್ಟರು ಹೌಹಾರಿ ಗುಳಿಗೆ ಬರೆದುಕೊಟ್ಟರು. ಇದನ್ನು ಬಿಟ್ಟರೆ ಎದೆಗೆ ಬರುತ್ತದೆ ಎಂದು ಎರಡು ಸಲ ಹೇಳಿದರು. ಅಜ್ಜಿಯ ತಂಗಿ ಹೋದದ್ದು ಹಾಗೆಯೇ, ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಒರಗಿದ್ದಳು. ಆದರೂ ಅಜ್ಜಿ ಇಪ್ಪತ್ತು ದಿನ ನುಂಗಿ, ತೊಡೆ ಜಗ್ಗುತ್ತವೆ ಎಂದು ಗುಳಿಗೆಯ ಪಟ್ಟಿಗಳನ್ನು ಗಾದಿ ಹೊಲಿಯುವ ಸೂಜಿ ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟಳು. ಪಕ್ಕದ ಮನೆಯ ರಾಮಾಂಜಿನಿಯ ಆಟೋ ಹತ್ತಿ ಕುರುಗೋಡಿಗೆ ಹೋಗಿ, ಔಷಧಿ ಚಿದಾನಂದಪ್ಪನೆಂಬ ಮುದುಕನ ಹತ್ತಿರ ಈ ಬಾಟಲಿ ತಂದಳು. ಮೂರು ತಿಂಗಳು ಕುಡಿದಳು. ಜುಲೈ ಮೊದಲ ವಾರ ಮತ್ತೆ ರಕ್ತ ತೆಗೆದೆ. ಇನ್ನೂರ ಹದಿನಾಲ್ಕು.

ನಮ್ಮ ಕೌಲ್ ಬಜಾರ್ ಓಣಿಯಲ್ಲಿ ಆ ದಿನ ಕಷಾಯದ ಮಾತೇ ಮಾತು. ಅಮ್ಮ ಅತ್ತಳು. ಅಜ್ಜಿಗಂತೂ ಹೊಸ ಕತೆಯೊಂದು ಸಿಕ್ಕಿತ್ತು. ಫೋನಿನಲ್ಲಿ, ಕಟ್ಟೆಯ ಮೇಲೆ, ಹಾಲಿನವನ ಮುಂದೆ ಹೇಳಿದ್ದೇ ಹೇಳಿದ್ದು. ನನಗೆ ಮಾತ್ರ ಖುಷಿಯಾಗಲಿಲ್ಲ. ಗುಳಿಗೆ ಇಲ್ಲದೆ, ಊಟದಲ್ಲಿ ಒಂದು ತುತ್ತೂ ಬಿಡದೆ, ಮೂರು ತಿಂಗಳಲ್ಲಿ ಅರ್ಧಕ್ಕರ್ಧ ಇಳಿಯುವುದೆಂದರೇನು? ಕಲಿಯುವಾಗ ನಮಗೆ ಮೇಷ್ಟ್ರು ಹೇಳಿದ್ದರು, ಕೆಲವರು ಇಂಗ್ಲಿಷ್ ಗುಳಿಗೆಯನ್ನೇ ಪುಡಿಮಾಡಿ ಕಷಾಯಕ್ಕೆ ಬೆರೆಸಿ ಕೊಡುತ್ತಾರೆ, ಎಷ್ಟು ಬೆರೆಸಿದ್ದಾರೆಂದು ಅವರಿಗೂ ಗೊತ್ತಿರುವುದಿಲ್ಲ, ಕುಡಿದವರ ಯಕೃತ್ತು ಕೆಟ್ಟ ಮೇಲೆಯೇ ತಿಳಿಯುವುದು ಎಂದು.

ಅಜ್ಜಿಗೆ ಇದನ್ನು ಹೇಳಿದೆ. ಗುಳಿಗೆ ನುಂಗದೆಯೇ ಇಳಿದ ಮೇಲೆ ಗುಳಿಗೆ ಯಾಕೆ ನುಂಗಲಿ ಎಂದು ಕೇಳಿದಳು. ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಬಾಟಲಿಯ ನಿಜ ತರುತ್ತೇನೆ. ಅದರೊಳಗೆ ಪುಡಿಯಿದ್ದರೆ, ಇಲ್ಲವೇ ಕೊಬ್ಬು ಇಳಿಸಿದ್ದು ಅದಲ್ಲವೆಂದಾದರೆ, ನೀನು ಗುಳಿಗೆ ನುಂಗಬೇಕು. ಬಾಟಲಿ ಸಾಚಾ ಆದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

"ಮಾತು ಅಂದ್ರ ಮಾತು. ಆದ್ರ ಏನ್ ಸಿಗತೈತೋ ಅದನ್ನ ತರಬೇಕು. ನೀ ಕತಿ ಹೊಲದು ತರಬಾರದು."

ಅಂದಿನಿಂದ ನಾನು ಬಾದಶಹನ ಮಗಳಾದೆ. ಮೊದಲು ಬಾಟಲಿಯನ್ನೇ ಪರೀಕ್ಷಿಸಿದೆ. ಅದರಲ್ಲಿ ಮಧುನಾಶಿನಿ ಎಲೆ ಇದೆಯೆಂದು ಅಜ್ಜಿ ಹೇಳಿದ್ದಳು. ಆ ಎಲೆ ನಾಲಿಗೆಗೆ ತಾಗಿದರೆ ಸ್ವಲ್ಪ ಹೊತ್ತು ಸಿಹಿ ತಿಳಿಯುವುದಿಲ್ಲ. ಒಂದು ಗುಟುಕು ಬಾಯಲ್ಲಿಟ್ಟು ಉಗುಳಿ ಸಕ್ಕರೆ ಹಾಕಿಕೊಂಡೆ. ಹೊಳೆಯ ಮರಳು ಜಗಿದ ಹಾಗಾಯಿತು. ಸರಿ, ಎಲೆ ನಿಜ. ಆದರೆ ಎಲೆ ಇದೆಯೆಂದ ಮಾತ್ರಕ್ಕೆ ಪುಡಿ ಇಲ್ಲವೆಂದಲ್ಲ. ಅದನ್ನು ಹುಡುಕುವ ಯಂತ್ರ ನಮ್ಮ ಲ್ಯಾಬಿನಲ್ಲಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅಜ್ಜಿಯನ್ನು ತೊಡೆ ನೋಯುತ್ತವೆಯೇ ಎಂದು ಕೇಳುತ್ತಿದ್ದೆ. ಆ ಗುಳಿಗೆಯೇ ಕಷಾಯದಲ್ಲಿದ್ದರೆ ತೊಡೆ ಮತ್ತೆ ಜಗ್ಗಬೇಕಲ್ಲ. ಇಲ್ಲವೆನ್ನುತ್ತಿದ್ದಳು. ಸುಳ್ಳು ಹೇಳುತ್ತಿರಬಹುದೆಂದು ಅವಳು ಮೆಟ್ಟಿಲು ಹತ್ತುವಾಗ ಹಿಂದೆ ನಿಂತು ನೋಡುತ್ತಿದ್ದೆ. ಗುಳಿಗೆಯನ್ನು ಕದ್ದು ನುಂಗುತ್ತಿರಬಹುದೆಂದು ಸೂಜಿ ಡಬ್ಬಿ ತೆರೆದು ನೋಡಿದೆ, ಪಟ್ಟಿ ಹಾಗೇ ಇತ್ತು. ಅಮ್ಮ ಮಜ್ಜಿಗೆಗೆ ಏನಾದರೂ ಬೆರೆಸುತ್ತಿದ್ದಾಳೆಯೇ ಎಂದು ಅಡುಗೆಮನೆಯಲ್ಲಿ ಸುಳಿದಾಡಿದೆ. ಅಮ್ಮ ಒಂದು ದಿನ ಸೌಟು ನನ್ನ ಕೈಗೆ ಕೊಟ್ಟು, ಇಷ್ಟು ಕಾಯುವ ಬದಲು ನೀನೇ ಸಾರು ಮಾಡು ಎಂದಳು. ಲ್ಯಾಬಿನ ಯಂತ್ರದ ಮೇಲೂ ಅನುಮಾನ ಬಂತು. ಅದನ್ನು ಕೇಳಿ ನಮ್ಮ ಲ್ಯಾಬಿನ ಯಜಮಾನರು ದೊಡ್ಡಬಸವರಾಜ ಸರ್ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಹೀಗಿರುವಾಗ ಒಂದು ಸಂಜೆ ಅಜ್ಜಿಯ ಫೋನಿನ ಮಾತು ಕಿವಿಗೆ ಬಿತ್ತು. ಆ ಕಡೆ ಇದ್ದವಳು ವಿರೂಪಮ್ಮ, ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದಲ್ಲಿರುವ ಅಜ್ಜಿಯ ಬಾಲ್ಯದ ಗೆಳತಿ. ಅಜ್ಜಿಯ ಅಪ್ಪ ಆ ಊರಿನಲ್ಲಿ ಹತ್ತಿ ಹಿಂಜುತ್ತಿದ್ದ ಕಾಲದಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ವಿರೂಪಮ್ಮನಿಗೂ ಸಕ್ಕರೆ. ಎರಡು ವರ್ಷದ ಹಿಂದೆ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಳು. ಅಜ್ಜಿ ಫೋನಿನಲ್ಲಿ ಹೇಳುತ್ತಿದ್ದಳು:

"ನೀನೂ ಬಿಟ್ಟಿ ಅಂದ್ರ ಚೊಲೋ ಆತು ಬಿಡು. ಆ ಗುಳಿಗಿ ಎಲ್ಲಾ ಬರೇ ಉಷ್ಣ."

ನಾನು ಅಜ್ಜಿಯ ಕೈಯಿಂದ ಫೋನು ಕಿತ್ತುಕೊಂಡು, ಸ್ಟೆಂಟ್ ಹಾಕಿದವರು ಗುಳಿಗೆ ಬಿಟ್ಟರೆ ಜೀವಕ್ಕೇ ಕುತ್ತು ಎಂದು ವಿರೂಪಮ್ಮನಿಗೆ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, ನಿಮ್ಮಜ್ಜಿಗೆ ಅರ್ಧ ಇಳಿದದ್ದು ಸುಳ್ಳೇನು ಎಂದಳು. ಸುಳ್ಳಲ್ಲ. ರಿಪೋರ್ಟಿನ ಕೆಳಗೆ ರಕ್ತ ತೆಗೆದವಳ ಸಹಿ ನನ್ನದೇ. ಹಾಗಾದರೆ ನುಂಗು ಎಂಬ ಮಾತು ನಿಮ್ಮಜ್ಜಿ ಬಾಯಿಂದಲೇ ಬರಲಿ, ನುಂಗುತ್ತೇನೆ ಎಂದು ಫೋನಿಟ್ಟಳು. ಈಗ ಗುಳಿಗೆ ಬಿಟ್ಟವರು ಒಬ್ಬಳಲ್ಲ, ಇಬ್ಬರು.

ಆ ಭಾನುವಾರವೇ ಕುರುಗೋಡಿನ ಬಸ್ಸು ಹತ್ತಿದೆ. ಕೊಳಗಲ್ಲು ದಾಟಿದ ಮೇಲೆ ಕಾಲುವೆಯಲ್ಲಿ ಹೊಸ ನೀರು ಕಂಡಿತು, ಕೆಂಪಗೆ, ದಪ್ಪಗೆ. ಬುತ್ತಿಯ ಜೊತೆ ಎರಡೂ ರಿಪೋರ್ಟು ಚೀಲದಲ್ಲಿದ್ದವು. ದಾರಿಯುದ್ದಕ್ಕೂ ಏನು ಸುಳ್ಳು ಹೇಳಬೇಕೆಂದು ಯೋಚಿಸಿದೆ.

ಚಿದಾನಂದಪ್ಪನ ಮನೆ ಗುಡ್ಡದ ಬುಡದಲ್ಲಿ. ಬೋರ್ಡು ಇಲ್ಲ. ಅಂಗಳದಲ್ಲಿ ಚಾಪೆಯ ಮೇಲೆ ಎಲೆ ಒಣಗುತ್ತಿದ್ದವು, ಒಲೆಯ ಮೇಲೆ ಮಣ್ಣಿನ ಗಡಿಗೆ. ಎಂಬತ್ತರ ಮುದುಕ ಕಟ್ಟಿಗೆಯ ಕಡ್ಡಿಯನ್ನು ಗಡಿಗೆಗೆ ಇಳಿಬಿಟ್ಟು ನೀರು ಎಷ್ಟು ಇಂಗಿದೆ ಎಂದು ಗುರುತು ನೋಡುತ್ತಿದ್ದ. ಎಂಟು ಪಾಲು ನೀರು ಎರಡು ಪಾಲಿಗೆ ಇಳಿಯುವವರೆಗೆ ಅವನು ಬೆಂಕಿ ಆರಲು ಬಿಡುವುದಿಲ್ಲವಂತೆ. ನಾನು ನಮ್ಮ ಅತ್ತೆಗೆ ಸಕ್ಕರೆ ಬಂದಿದೆ, ಔಷಧಿ ಬೇಕು ಎಂದೆ. ಅವನು ಕೂತುಕೋ ಎಂದ. ಎಲೆ, ನೇರಳೆ ಬೀಜ, ಮೆಂತ್ಯ, ಹೊನ್ನೆಯ ಚಕ್ಕೆ ಒಂದೊಂದನ್ನೂ ತೋರಿಸಿದ. ತೋರಿಸುವವನ ಮೇಲೆಯೇ ನನಗೆ ಹೆಚ್ಚು ಅನುಮಾನ. ಅವನ ಹಿಂದೆ, ಗೋಡೆಯ ಗೂಡಿನಲ್ಲಿ, ಮುಚ್ಚಳ ಹಾಕಿದ ಒಂದು ಡಬ್ಬಿಯಿತ್ತು. ಅದನ್ನು ಮಾತ್ರ ತೋರಿಸಲಿಲ್ಲ.

ಅವನು ಕಟ್ಟಿಗೆ ತರಲು ಹಿತ್ತಿಲಿಗೆ ಹೋದ. ಎದ್ದು ಡಬ್ಬಿ ತೆರೆದೆ. ಬಿಳಿ ಪುಡಿ. ಕರವಸ್ತ್ರದಲ್ಲಿ ಒಂದು ಚಿಟಿಕೆ ಕಟ್ಟಿಕೊಳ್ಳುವಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಬಂದು ತಾನೂ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡು ಮುಖ ಹಿಂಡಿದ.

"ಪಟಿಕ, ತಾಯೀ. ಕಾಲುವಿ ನೀರು ಕೆಸರು ಐತಿ, ತಿಳಿ ಮಾಡಾಕ. ಕಟ್ಟಿಕೊಂಡು ಹೋಗು, ಪರೀಕ್ಷಾ ಮಾಡಿಸು. ಬಾಟ್ಲಿನೂ ಎರಡು ಒಯ್ಯಿ. ನಿಮ್ಮ ಅತ್ತೀಗೆ ಅಂದೆಲ್ಲ, ಮದುವಿನ ಆಗಿಲ್ಲ ನಿನಗ. ಜಹೀದಮ್ಮನ ಮೊಮ್ಮಗಳು ನೀನು. ಅದೇ ಮಾರಿ."

ನಾನೂ ನಾಲಿಗೆಗೆ ಹಾಕಿ ನೋಡಿದೆ. ಬಾಯಿ ಒಗರಾಗಿ ಒಳಕ್ಕೆ ಎಳೆದುಕೊಂಡಿತು. ಪಟಿಕವೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಬಿಡದೆ ರಿಪೋರ್ಟು ಎರಡನ್ನೂ ಅವನ ಮುಂದೆ ಹಾಸಿ, ಇದು ಹೇಗೆ ಇಳಿಯಿತು ಹೇಳಿರಿ ಎಂದೆ. ಅವನು ಕನ್ನಡಕ ಹುಡುಕಿ ಹಾಕಿಕೊಂಡ. ಇಂಗ್ಲಿಷ್ ಬಾರದು, ಅಂಕಿ ಬರುತ್ತವೆ ಎಂದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಹೆಮ್ಮೆ ಕಾಣಲಿಲ್ಲ. ಅಲ್ಲಿ ಕಂಡದ್ದೂ ಅನುಮಾನವೇ.

ಜಹೀದಮ್ಮ ಅರ್ಧ ಇಳಿಯಿತೆಂದು ಹೇಳಿ ಕಳಿಸಿದಾಗಲೇ ತನಗೆ ಸಂಶಯ ಬಂದಿತ್ತು ಎಂದ. ಐವತ್ತು ವರ್ಷದಿಂದ ಕುದಿಸುತ್ತಿದ್ದಾನೆ. ತನ್ನ ಕಷಾಯದಿಂದ ಕೆಲವರಿಗೆ ಸಕ್ಕರೆ ಒಂದಿಷ್ಟು ಹತೋಟಿಗೆ ಬರುತ್ತದೆ, ಕೊಬ್ಬು ಇಳಿದರೆ ಹತ್ತೋ ಇಪ್ಪತ್ತೋ, ಕೆಲವರಿಗೆ ಅದೂ ಇಲ್ಲ. ಅದಕ್ಕೇ ಬಾಟಲಿ ಕೊಡುವಾಗ ಗುಳಿಗೆ ಬಿಡಬೇಡಿ ಎಂದು ಎಲ್ಲರಿಗೂ ಹೇಳುತ್ತಾನಂತೆ. ಅಜ್ಜಿಗೂ ಹೇಳಿದ್ದನಂತೆ. ಅಜ್ಜಿಯ ಕತೆಯಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ಮ್ಯಾಲಿನ ಅಂಕಿ ಅರ್ಧ ಆಗೇತಿ. ಇದರ ಕೆಳಗಿಂದು ನೋಡು, ನೂರಾ ಅರವತ್ತಿದ್ದಿದ್ದು ನೂರಾ ಐವತ್ತೆಂಟು. ಅಲುಗಾಡೇ ಇಲ್ಲ. ಎಲ್ಲಾರೂ ದೊಡ್ಡ ಅಂಕಿ ನೋಡಿ ಕುಣಿದೀರಿ." ಬೆರಳನ್ನು ಮೊದಲ ರಿಪೋರ್ಟಿನ ಮೇಲಿಟ್ಟು ಕೇಳಿದ, "ಈ ರಕ್ತ ತಗಿಯೋ ಮೊದ್ಲು ನಿಮ್ಮಜ್ಜಿ ಏನು ಉಂಡಿದ್ಲು?"

"ಏನೂ ಉಂಡಿದ್ದಿಲ್ಲ, ಅಜ್ಜಾರ. ರೋಜಾ ಇದ್ಲು."

"ರೋಜಾ ಸರಿ. ನಮ್ಮ ಓಣಿಯಾಗ ಅಮೀರಸಾಬನ ಮನಿ ಐತಿ, ಐವತ್ತು ರಂಜಾನ್ ನೋಡೀನಿ. ಬೆಳಗಿನ ಜಾವ ಎದ್ದು ಉಣ್ಣಂಗಿಲ್ಲೇನು ನೀವು?"

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು.

ಆ ಶುಕ್ರವಾರದ ಸಹರಿ, ಬೆಳಗಿನ ಜಾವದ ಆ ಊಟ, ಕಣ್ಣ ಮುಂದೆ ಬಂತು. ನಾಲ್ಕೂವರೆ ಗಂಟೆ. ಖಿಚಡಿ, ಖೀಮಾ, ಹಾಲು ಸಕ್ಕರೆ ಹಾಕಿದ ಶಾವಿಗೆ. ದಿನವಿಡೀ ಹಸಿದಿರಬೇಕಲ್ಲ ಎಂದು ಅಜ್ಜಿಯ ಖಿಚಡಿಯ ಮೇಲೆ ಎರಡು ಚಮಚ ತುಪ್ಪ ಸುರಿದವಳು ನಾನೇ. ಹತ್ತು ಗಂಟೆಗೆ ರಕ್ತ ತೆಗೆದು, ಬರಿಹೊಟ್ಟೆ ಎಂದು ಗುರುತು ಹಾಕಿದವಳೂ ನಾನೇ. ನೀರೂ ಮುಟ್ಟದ ಉಪವಾಸಕ್ಕಿಂತ ದೊಡ್ಡದಿಲ್ಲವೆಂದುಕೊಂಡಿದ್ದೆ, ಅದು ಶುರುವಾಗಿ ಐದೂವರೆ ತಾಸೂ ಆಗಿರಲಿಲ್ಲ ಎನ್ನುವುದು ಹೊಳೆಯಲೇ ಇಲ್ಲ. ಜುಲೈನಲ್ಲಿ ಅಜ್ಜಿ ರಾತ್ರಿ ಉಂಡು ಬೆಳಿಗ್ಗೆ ನಿಜವಾಗಿ ಹನ್ನೆರಡು ತಾಸು ಬಿಟ್ಟು ಬಂದಿದ್ದಳು. ನಾನೂರ ಹನ್ನೆರಡರಲ್ಲಿ ಅರ್ಧ ನನ್ನ ತುಪ್ಪ.

ಚಿದಾನಂದಪ್ಪ ಬಾಟಲಿ ಎರಡನ್ನೂ ಹಾಳೆಯಲ್ಲಿ ಸುತ್ತಿ ಕೊಟ್ಟ. ನನ್ನನ್ನು ನಂಬಬೇಡ, ಪರೀಕ್ಷೆ ಮಾಡಿಸು ಎಂದು ಇನ್ನೊಮ್ಮೆ ಹೇಳಿದ. ಅಷ್ಟು ಹೇಳಿದ್ದಕ್ಕೇ ಬಸ್ಸಿನಲ್ಲಿ ಮತ್ತೆ ಸ್ವಲ್ಪ ಅನುಮಾನ ಬಂತು. ಮರುದಿನ ಒಂದು ಬಾಟಲಿಯನ್ನು ದೊಡ್ಡಬಸವರಾಜ ಸರ್ ಕೈಗೆ ಕೊಟ್ಟು ದೊಡ್ಡ ಲ್ಯಾಬಿಗೆ ಕಳಿಸಲು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು, ಇನ್ನು ಮುಂದೆ ಉಪವಾಸವೇ ಎಂದು ಕೇಳಬೇಡ, ಕೊನೆಗೆ ಉಂಡದ್ದು ಎಷ್ಟು ಗಂಟೆಗೆ ಎಂದು ಕೇಳು ಎಂದರು. ಅಂದಿನಿಂದ ಹಾಗೇ ಕೇಳುತ್ತೇನೆ.

ಅಜ್ಜಿ ಮಾತ್ರ ನಂಬಲಿಲ್ಲ. ಗಾದಿಯ ಅಂಚು ಹೊಲಿಯುತ್ತ, ಇದು ನೀನು ಹೊಲಿದ ಕತೆ ಎಂದಳು. ಬಾಯಿಮಾತು ಬೇಡ, ತೋರಿಸು ಎಂದಳು. ತೋರಿಸಿದೆ. ಅಜ್ಜಿಯ ಕಷಾಯ ನಿಲ್ಲಿಸಲಿಲ್ಲ. ಒಂದು ದಿನ ನಸುಕಿನಲ್ಲಿ ರಂಜಾನಿನ ಹಾಗೆಯೇ ಅದೇ ಖಿಚಡಿ, ಅದೇ ಖೀಮಾ, ಅದೇ ಎರಡು ಚಮಚ ತುಪ್ಪ. ಹತ್ತಕ್ಕೆ ರಕ್ತ. ಮುನ್ನೂರ ತೊಂಬತ್ತೇಳು. ಒಂದು ವಾರ ಬಿಟ್ಟು, ರಾತ್ರಿ ಒಂಬತ್ತಕ್ಕೆ ಉಂಡು ಬೆಳಿಗ್ಗೆ ಒಂಬತ್ತಕ್ಕೆ ರಕ್ತ. ಇನ್ನೂರ ಒಂಬತ್ತು. ಊಟಕ್ಕೆ ಹೆಚ್ಚು ಅಲುಗದ ಆ ಕೆಳಗಿನ ಅಂಕಿ, ಕೆಟ್ಟ ಕೊಲೆಸ್ಟ್ರಾಲಿನದು, ಎರಡರಲ್ಲೂ ನೂರ ಐವತ್ತರ ಮೇಲೆಯೇ. ರಕ್ತ ತೆಗೆದದ್ದು ಸರ್, ನನಗೆ ಸೂಜಿ ಮುಟ್ಟಲು ಅಜ್ಜಿ ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡ ಲ್ಯಾಬಿನ ಉತ್ತರವೂ ಬಂತು. ಅವರು ಹುಡುಕಿದ ಯಾವ ಗುಳಿಗೆಯೂ ಬಾಟಲಿಯಲ್ಲಿ ಸಿಕ್ಕಿರಲಿಲ್ಲ.

ಅಜ್ಜಿ ಎರಡೂ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಕಿಗಳ ಮೇಲೆ ಬೆರಳಾಡಿಸಿದಳು.

"ಹಂಗಾರ ಮೂರು ತಿಂಗಳು ನಾ ಕಹಿ ಕುಡದಿದ್ದು?"

ಬಾಟಲಿ ಮೋಸ ಮಾಡಿಲ್ಲ, ಪವಾಡವನ್ನೂ ಮಾಡಿಲ್ಲ ಎಂದೆ. ಬೇಕಿದ್ದರೆ ಡಾಕ್ಟರಿಗೆ ಹೇಳಿ ಕುಡಿ, ಆದರೆ ಗುಳಿಗೆಯ ಬದಲಿಗಲ್ಲ. ತೊಡೆ ಜಗ್ಗಿದ್ದನ್ನು ಕೇಳಿ ಡಾಕ್ಟರು ಬೇರೆ ಗುಳಿಗೆ ಬರೆದಿದ್ದರು. ಅದನ್ನು ಅವಳ ಮುಂದಿಟ್ಟೆ. ಅವಳು ತೆಗೆದು ಸೂಜಿ ಡಬ್ಬಿಗೆ ಹಾಕಿದಳು. ನನಗೆ ಅಳು ಬರುವಂತಾಯಿತು.

"ಅಳಬ್ಯಾಡ. ನುಂಗ್ತೀನಿ. ಮೊದ್ಲು ವಿರೂಪಮ್ಮನ ಮನಿಗೆ ನಡಿ. ಆಕಿ ಬಿಟ್ಟಿದ್ದು ನನ್ನ ಕತಿ ಕೇಳಿ. ಫೋನಿನ್ಯಾಗ ಕಟ್ಟಿದ್ದು ಫೋನಿನ್ಯಾಗ ಬಿಚ್ಚಂಗಿಲ್ಲ."

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು, ಅಲ್ಲಿಂದ ಆಟೋ. ದಾರಿಯ ಎರಡೂ ಕಡೆ ನಾಟಿ ನಡೆದಿತ್ತು. ವಿರೂಪಮ್ಮನಿಗೆ ಸ್ಟೆಂಟ್ ಹಾಕಿದ ಡಾಕ್ಟರಿಗೆ ಹಿಂದಿನ ದಿನವೇ ಫೋನು ಮಾಡಿ ಕೇಳಿದ್ದೆ. ಅದೇ ಗುಳಿಗೆಗಳನ್ನು ಇವತ್ತೇ ಶುರು ಮಾಡಿಸಿ ನಾಳೆಯೇ ಕರೆತನ್ನಿ ಎಂದಿದ್ದರು.

ಕೆಂಚನಗುಡ್ಡದ ಆ ಮನೆಯ ಹಿತ್ತಿಲಿನಿಂದ ಹೊಳೆ ಕಾಣುತ್ತದೆ. ವಿರೂಪಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾಲ್ಕು ಹೆಜ್ಜೆ ಬಂದು ಅಜ್ಜಿಯ ಕೈ ಹಿಡಿಯುವಷ್ಟರಲ್ಲಿ ಉಸಿರು ಎಳೆದುಕೊಂಡದ್ದನ್ನು ನಾನು ನೋಡಿದೆ. ನನ್ನನ್ನು ಕಂಡು ಅವಳ ಹುಬ್ಬು ಗಂಟಿಕ್ಕಿತು. ಈ ಹುಡುಗಿಯ ಹಿಂದೆ ಯಾವ ಡಾಕ್ಟರು ಇದ್ದಾನೆ, ನಿನಗೇನು ಕುಡಿಸಿ ಕರೆತಂದಿದ್ದಾಳೆ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಕಟ್ಟೆ ಹತ್ತಿ ಕೂತು ಕತೆ ಶುರು ಮಾಡಿದಳು. ಹೆಸರಿಲ್ಲದ ಹೊಳೆ, ಎಳೆಯ ಬಂಡೆಗಳು, ಸಿಹಿ ರಕ್ತದ ಬಾದಶಹ, ಇರುವೆ ಸಾಲು, ಬಾಗಿಲು ಬಾಗಿಲಿಗೂ ಕಾವಲು. ನಾನು ಕೇಳಿದ್ದ ಜಾಗ ದಾಟಿತು. ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.

ಒಂದು ದಿನ ಅರಮನೆಯ ಕಸ ಗುಡಿಸುವ ಮುದುಕಿ, ಇರುವೆಗಳು ಎಲ್ಲಿಂದ ಹೊರಡುತ್ತವೆ ಎಂದು ಅವುಗಳ ಹಿಂದೆಯೇ ನಡೆದಳಂತೆ. ಸಾಲು ಕೋಣೆ ದಾಟಿತು, ಪಡಸಾಲೆ ದಾಟಿತು, ಅಡುಗೆಮನೆಗೆ ಹೋಯಿತು. ಅಲ್ಲಿ ಜಿಲೇಬಿ ಪಾಕದ ಹಂಡೆ. ಸಂಜೆ ಸಂಜೆ ಮಗಳು ಹಂಡೆಗೆ ಬಗ್ಗಿ ನೋಡುವಾಗ ಅವಳ ದುಪಟ್ಟಾದ ತುದಿ ಪಾಕದಲ್ಲಿ ಅದ್ದುತ್ತಿತ್ತು. ಹಾಗೇ ಹನಿಸುತ್ತ ಬಂದು ಅಪ್ಪನ ಮಂಚದ ಹತ್ತಿರ ಕೂರುತ್ತಿದ್ದಳು.

ವಿರೂಪಮ್ಮ ನನ್ನ ದುಪಟ್ಟಾದ ಕಡೆ ನೋಡಿದಳು. ನಾನು ಅದನ್ನು ಮಡಿಲಿಗೆ ಎಳೆದುಕೊಂಡು, ಸಹರಿಯ ತುಪ್ಪದಿಂದ ಹಿಡಿದು ಎರಡು ಹೊಸ ರಿಪೋರ್ಟಿನವರೆಗೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ತನ್ನ ಎದೆಯ ಮೇಲೆ ಹೋಯಿತು.

"ಹುಡುಗಿದು ಒಂದ ತಪ್ಪು. ನಂದು ಇನ್ನೊಂದು ಐತಿ," ಎಂದಳು ಅಜ್ಜಿ. "ಗುಳಿಗಿ ಬಿಡಬ್ಯಾಡ ಅಂತ ಆ ಅಜ್ಜ ಹೇಳಿದ್ದ. ಆ ಮಾತು ಹಾಕಿದ್ರ ಕತಿ ಸಪ್ಪಗಾಗತೈತಿ ಅಂತ ನಿನಗ ಹೇಳಲಿಲ್ಲ."

ವಿರೂಪಮ್ಮ ಹೊಳೆಯ ಕಡೆ ಕೈ ತೋರಿಸಿದಳು. "ಸಣ್ಣಾಕಿದ್ದಾಗ ಹೊಳ್ಯಾಗ ಮೊಸಳಿ ಇಲ್ಲ ಅಂತ ಹೇಳಿ ನನ್ನ ಇಳಿಸಿದ್ದಿ. ಆವಾಗ್ಲೂ ಅರ್ಧಾನ ಹೇಳಿದ್ದಿ," ಎಂದಳು. ಅಜ್ಜಿ, ಮೊಸಳೆ ನಿನ್ನನ್ನು ನೋಡಿಯೇ ಓಡಿಹೋಗಿರಬೇಕು ಎಂದಳು. ಇಬ್ಬರೂ ನಗಲಿಲ್ಲ. ಆದರೆ ವಿರೂಪಮ್ಮ ಎದ್ದು ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಗುಳಿಗೆಯ ಚೀಲ ತಂದಳು. ಯಾವುದು, ಎಷ್ಟು ಎಂದು ನಾನು ಡಾಕ್ಟರ ಚೀಟಿ ನೋಡಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅವನ್ನು ಹಿಡಿದುಕೊಂಡು ಅಜ್ಜಿಯ ಮುಖವನ್ನೇ ನೋಡಿದಳು.

"ನೀ ಮೊದ್ಲು ನುಂಗು. ಆಮ್ಯಾಲ ನಾನು."

ಅಜ್ಜಿ ಸಂಚಿಯಿಂದ ಸೂಜಿ ಡಬ್ಬಿ ತೆಗೆದಳು. ಪಟ್ಟಿ ಒತ್ತಿ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು, ವಿರೂಪಮ್ಮನ ತಂಬಿಗೆಯಿಂದಲೇ ನೀರು ಕುಡಿದಳು. ವಿರೂಪಮ್ಮನೂ ಒಂದೊಂದಾಗಿ ನುಂಗಿದಳು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದರು, ಶಾಲೆಗೆ ಹೋಗುವ ಮಕ್ಕಳ ಹಾಗೆ.

ನಾಲಿಗೆ ಎತ್ತಿರಿ ಎಂದೆ. ಎತ್ತಿದರು. ಬಗ್ಗಿ ನೋಡಿದೆ. ಅಡಿಯಲ್ಲಿ ಏನೂ ಇರಲಿಲ್ಲ.